ಮನೆಯೊಳಗಿನ ಜನರೇಟರ್ ಮತ್ತು ಕಾರಣ ತಿಳಿಯದ ತಲೆನೋವು

ರಮಝಾನ್ ತಿಂಗಳ ಒಂದು ಬೆಳಿಗ್ಗೆ ದವಾಖಾನೆಯ ಬಾಗಿಲು ತೆರೆಯುವ ಮೊದಲೇ ಕಟ್ಟೆಯ ಮೇಲೆ ಒಂದು ಕುಟುಂಬ ಬಂದು ಕುಳಿತಿತ್ತು. ಬನಹಟ್ಟಿ ಕಡೆಯವರು. ಮನೆಯಲ್ಲೇ ಎರಡು ಪವರ್‌ಲೂಮ್ ಹಾಕಿಕೊಂಡು ಸೀರೆ ನೇಯುವವರು. ಗಂಡ, ಹೆಂಡತಿ, ಗಂಡನ ತಾಯಿ, ಆರು ವರ್ಷದ ಒಬ್ಬ ಹುಡುಗ. ನಾಲ್ವರದೂ ಒಂದೇ ದೂರು. ತಲೆ ಸಿಡಿಯುತ್ತಿದೆ, ಹೊಟ್ಟೆ ತೊಳೆಸುತ್ತಿದೆ, ಕಾಲಲ್ಲಿ ಶಕ್ತಿಯೇ ಇಲ್ಲ.

“ಸಹರಿಗೆ ಎದ್ದಾಗಿಂದ ಹಿಂಗ ಐತ್ರಿ ಹಕೀಮ್ ಸಾಹೇಬ್ರ. ರೋಜಾದ್ದ ಇರಬೇಕು, ಉಷ್ಣ ಆಗೇತಿ. ಏನರ ಔಷಧ ಬರದ ಕೊಡ್ರಿ, ಇಫ್ತಾರ್ ಆದ ಮ್ಯಾಲ ತಗೋತೇವಿ” ಎಂದರು ಆ ತಾಯಿ.

ಉಪವಾಸದ ತಲೆನೋವು ನಮಗೆ ಹೊಸದಲ್ಲ. ನೀರು ಕಡಿಮೆಯಾಗಿರುತ್ತದೆ, ದಿನಾಲೂ ಕುಡಿಯುವ ಚಹಾ ತಪ್ಪಿರುತ್ತದೆ, ನಿದ್ದೆ ಅರ್ಧ ಆಗಿರುತ್ತದೆ. ನಾನೂ ಹಾಗೆಯೇ ಎಣಿಸಿ ಇತ್ರೀಫಲ್ ಕಿಶ್ನೀಝಿ ಬರೆಯಲು ಪೆನ್ನು ತೆಗೆದಿದ್ದೆ. ಅಷ್ಟರಲ್ಲಿ ಆ ಹುಡುಗ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡ. ಅವನಿಗೆಲ್ಲಿಯ ಉಪವಾಸ? ಹಿಂದಿನ ರಾತ್ರಿ ಹೊಟ್ಟೆ ತುಂಬ ಉಂಡು ಮಲಗಿದ್ದನಂತೆ. ಯಾರಿಗೂ ಜ್ವರವಿಲ್ಲ, ಯಾರಿಗೂ ಭೇದಿಯಿಲ್ಲ. ನಾಲ್ವರಿಗೂ ಒಂದೇ ಹೊತ್ತಿಗೆ ಶುರುವಾಗಿದೆ.

ಪೆನ್ನು ಕೆಳಗಿಟ್ಟು ಕೇಳಿದೆ: “ರಾತ್ರಿ ಕರೆಂಟ್ ಇತ್ತೇನು?”

ಇರಲಿಲ್ಲ. ಗಾಳಿಗೆ ಎಲ್ಲೋ ತಂತಿ ಹರಿದು ಎರಡರ ಸುಮಾರಿಗೆ ಹೋಗಿದ್ದು ಬೆಳಗಾದರೂ ಬಂದಿರಲಿಲ್ಲ. ಫ್ಯಾನ್ ಇಲ್ಲದೆ ಹುಡುಗ ಮಲಗಲಿಲ್ಲವೆಂದು ಜನರೇಟರ್ ಹಚ್ಚಿದ್ದರು. ಎಲ್ಲಿಟ್ಟಿದ್ದಿರಿ ಎಂದರೆ, “ಮಗ್ಗದ ಖೋಲ್ಯಾಗ್ರಿ. ಹೊರಗ ಇಟ್ರ ಕಳುವಾಗ್ತೈತಿ, ಓಣಿ ಮಂದಿಗೆ ಸಪ್ಪಳಾನೂ ಆಗ್ತೈತಿ. ಕಿಟಕಿ ಅಂತೂ ತಗದಿದ್ವಿ.”

ಅವರ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದೆ. 98 ಎಂದು ತೋರಿಸಿತು. ಆ 98ನ್ನು ನಾನು ನಂಬಲಿಲ್ಲ. ಯಾಕೆ ನಂಬಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ. ಗುರುತಿನ ಒಬ್ಬರ ಗಾಡಿ ಕರೆಸಿ ನಾಲ್ವರನ್ನೂ ಆಕ್ಸಿಜನ್ ಇರುವ ಆಸ್ಪತ್ರೆಗೆ ಕಳಿಸಿದೆ. ಚೀಟಿಯ ಮೇಲೆ ಔಷಧದ ಹೆಸರು ಬರೆಯಲಿಲ್ಲ. “ಮುಚ್ಚಿದ ಮನೆಯಲ್ಲಿ ಜನರೇಟರ್ ಹೊಗೆ, ನಾಲ್ಕು ತಾಸು” ಎಂದಷ್ಟೇ ಬರೆದೆ. ಅಲ್ಲಾಹನ ಕೃಪೆಯಿಂದ ನಾಲ್ವರೂ ಉಳಿದರು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ತಾಲ್ಲೂಕುಗಳಲ್ಲಿ ಈಗ ಸಣ್ಣ ಪೆಟ್ರೋಲ್ ಜನರೇಟರ್ ಅಪರೂಪದ ವಸ್ತುವಲ್ಲ. ಹಿಂದೆ ಅದು ಮದುವೆಯ ಪೆಂಡಾಲಿನಲ್ಲಿ, ಪೇಟೆಯ ದೊಡ್ಡ ಅಂಗಡಿಗಳ ಮುಂದೆ ಕಾಣುತ್ತಿತ್ತು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಬಂದಾಗ ನದಿ ದಂಡೆಯ ಹಳ್ಳಿಗಳು ಕತ್ತಲೆಯಲ್ಲಿ ಕಳೆದ ದಿನಗಳು ನೆನಪಿವೆ. 2023ರಲ್ಲಿ ಮಳೆ ಕೈಕೊಟ್ಟಿತು, ರಾಜ್ಯದಲ್ಲೆಲ್ಲ ವಿದ್ಯುತ್ ಕೊರತೆಯಾಯಿತು. ಬೇಸಿಗೆಯ ಅಡ್ಡಮಳೆಗೆ ಕಂಬ ಬೀಳುವುದಂತೂ ಪ್ರತಿ ವರ್ಷದ ಮಾತು. ಮನೆಯಲ್ಲಿ ಮಗ್ಗ ಇದ್ದವರಿಗೆ ಕರೆಂಟ್ ಹೋದರೆ ಅಂದಿನ ಕೂಲಿಯೇ ಹೋದಂತೆ. ಹಾಗಾಗಿ ಜನರೇಟರ್ ಕೊಂಡವರನ್ನು ನಾನು ತಪ್ಪೆನ್ನುವುದಿಲ್ಲ. ಅದನ್ನು ಇಡುವ ಜಾಗದ ಬಗ್ಗೆ ಮಾತ್ರ ನನ್ನ ತಕರಾರು.

ಜನರೇಟರಿನ ಹೊಗೆಯಲ್ಲಿ ನಮಗೆ ಕಾಣುವ ಕರಿ, ಮೂಗಿಗೆ ಬಡಿಯುವ ವಾಸನೆ ಇವೆರಡೂ ಇರುತ್ತವೆ. ಕೊಲ್ಲುವುದು ಇವೆರಡೂ ಅಲ್ಲ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಇದ್ದಿಲು, ಕಟ್ಟಿಗೆ ಯಾವುದೇ ಆಗಲಿ, ಪೂರ್ತಿ ಉರಿಯದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಗಂಟಲು ಕೆರೆಯುವುದಿಲ್ಲ, ಕಣ್ಣು ಉರಿಯುವುದಿಲ್ಲ. ಅಡುಗೆ ಗ್ಯಾಸ್ ಸೋರಿದರೆ ಗೊತ್ತಾಗಲೆಂದು ಕಂಪನಿಯವರು ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಇದಕ್ಕೆ ವಾಸನೆ ಬೆರೆಸುವವರು ಯಾರೂ ಇಲ್ಲ. ಹೊಸ ಜನರೇಟರ್ ಹೊಗೆ ಬಿಡುವುದಿಲ್ಲ, ಪೆಟ್ರೋಲಿನದು ಡೀಸೆಲ್‌ನಷ್ಟು ಕರಿ ಅಲ್ಲ ಎಂದು ಧೈರ್ಯ ತಂದುಕೊಳ್ಳುವವರಿದ್ದಾರೆ. ಕಣ್ಣಿಗೆ ಶುದ್ಧವಾಗಿ ಕಾಣುವ ಪೆಟ್ರೋಲ್ ಎಂಜಿನ್‌ನಿಂದಲೇ ಈ ಅನಿಲ ಬಹಳ ಬರುವುದು. ಒಂದು ಸಣ್ಣ ಜನರೇಟರ್ ನೂರಾರು ಕಾರುಗಳಷ್ಟು ಕಾರ್ಬನ್ ಮಾನಾಕ್ಸೈಡ್ ಬಿಡಬಲ್ಲದು ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಎಚ್ಚರಿಸುತ್ತ ಬಂದಿದೆ. ಇಂದಿನ ಕಾರಿನ ಹೊಗೆ ಕೊಳವೆಯಲ್ಲಿ ಅನಿಲವನ್ನು ಶುದ್ಧಗೊಳಿಸುವ ಭಾಗವೊಂದಿರುತ್ತದೆ, ನಾವು ಕೊಳ್ಳುವ ಸಣ್ಣ ಜನರೇಟರ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಈ ಅನಿಲ ಮೈಯೊಳಗೆ ಮಾಡುವ ಕೆಲಸ ಏನು? ನಮ್ಮ ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್ ಹೊರುವ ಹಮಾಲ. ಕಾರ್ಬನ್ ಮಾನಾಕ್ಸೈಡ್ ಬಂದರೆ ಅದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಮಿಕ್ಕ ಬಲದಿಂದ ಆ ಹಮಾಲನ ಹೆಗಲಿಗೆ ಅಂಟಿಕೊಳ್ಳುತ್ತದೆ. ಉಸಿರಾಟ ನಡೆಯುತ್ತಲೇ ಇರುತ್ತದೆ, ಎದೆ ಏರಿಳಿಯುತ್ತಿರುತ್ತದೆ, ಆದರೆ ಮೆದುಳಿಗೂ ಹೃದಯಕ್ಕೂ ಆಕ್ಸಿಜನ್ ಮುಟ್ಟುವುದಿಲ್ಲ. ಇದನ್ನು 19ನೇ ಶತಮಾನದ ನಡುವಿನಲ್ಲೇ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಪ್ರಯೋಗ ಮಾಡಿ ತೋರಿಸಿದ್ದ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಬಹಳ ಕಾಲ ಪಂಜರದಲ್ಲಿ ಕ್ಯಾನರಿ ಹಕ್ಕಿಯನ್ನು ಒಯ್ಯುತ್ತಿದ್ದರು. ಮನುಷ್ಯನಿಗಿಂತ ಮೊದಲು ಹಕ್ಕಿ ಕುಸಿಯುತ್ತಿತ್ತು, ಅದನ್ನು ನೋಡಿ ಕೆಲಸಗಾರರು ಹೊರಗೆ ಓಡುತ್ತಿದ್ದರು. ನಮ್ಮ ಮನೆಗಳಲ್ಲಿ ಮೊದಲು ಕುಸಿಯುವುದು ಮಗು. ಮಕ್ಕಳ ಉಸಿರಾಟದ ವೇಗ ಹೆಚ್ಚು, ಹಾಗಾಗಿ ಅವರ ಮೈಗೆ ವಿಷವೂ ಬೇಗ ಏರುತ್ತದೆ.

ಪ್ರಮಾಣದ ಲೆಕ್ಕ ಕೇಳಿದರೆ ಗಾಬರಿಯಾಗುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಈ ಅನಿಲ 400 ಪಾಲು ಇದ್ದರೆ ಒಂದೆರಡು ತಾಸಿನಲ್ಲಿ ತಲೆನೋವು ಬರುತ್ತದೆ. 1,600 ಪಾಲು ಇದ್ದರೆ ಇಪ್ಪತ್ತು ನಿಮಿಷದಲ್ಲಿ ತಲೆನೋವು, ಓಕರಿಕೆ, ತಲೆಸುತ್ತು. ಒಂದೆರಡು ತಾಸಿನೊಳಗೆ ಸಾವೂ ಬರಬಹುದು. 1,600 ಪಾಲೆಂದರೆ ನೂರರಲ್ಲಿ ಕಾಲು ಪಾಲೂ ಅಲ್ಲ. ಮುಚ್ಚಿದ ಖೋಲಿಯಲ್ಲಿ ಜನರೇಟರ್ ಓಡುತ್ತಿದ್ದರೆ ಅಲ್ಲಿಗೆ ಮುಟ್ಟಲು ಬಹಳ ಹೊತ್ತು ಬೇಕಾಗಿಲ್ಲ.

ಯುನಾನಿ ಓದಿದವರಿಗೆ ಮೊದಲ ವರ್ಷದಲ್ಲೇ ಅಸ್ಬಾಬೆ ಸಿತ್ತಾ ಝರೂರಿಯಾ ಎಂಬ ಪಾಠ ಬರುತ್ತದೆ, ಅಂದರೆ ಬದುಕಿಗೆ ಬೇಕೇ ಬೇಕಾದ ಆರು ಸಂಗತಿಗಳು. ಆ ಆರರಲ್ಲಿ ಆಹಾರಕ್ಕಿಂತ, ನೀರಿಗಿಂತ ಮೊದಲು ಹೇಳಿದ್ದು ಗಾಳಿಯನ್ನು. ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ (980–1037) ತಮ್ಮ ಅಲ್ ಖಾನೂನ್ ಗ್ರಂಥದಲ್ಲಿ ಹೊಗೆ ಬೆರೆಯದ, ಗೋಡೆ ಚಾವಣಿಗಳ ನಡುವೆ ಸಿಕ್ಕಿಬೀಳದ ಗಾಳಿಯನ್ನು ಒಳ್ಳೆಯ ಗಾಳಿ ಎಂದು ಬಗೆಹರಿಸಿದ್ದಾರೆ. ಕಾರ್ಬನ್ ಮಾನಾಕ್ಸೈಡ್ ಎಂಬ ಹೆಸರು ಅವರಿಗೆ ಗೊತ್ತಿರಲಿಲ್ಲ, ಮಾತು ಮಾತ್ರ ಸರಿಯಾಗಿದೆ.

ಈಗ ನಮ್ಮ ಮನೆಗಳನ್ನು ನೋಡಿ. ಹಳೆಯ ಮಾಳಿಗೆ ಮನೆಗಳ ಗೋಡೆ ದಪ್ಪ, ಬಾಗಿಲು ಒಂದೇ, ಕಿಟಕಿ ಸಣ್ಣದು, ಮೇಲೊಂದು ಬೆಳಕಿಂಡಿ. ಬಿಸಿಲಿಗೆ ತಂಪಾಗಿರುತ್ತದೆ, ಆದರೆ ಒಳಗೆ ಸೇರಿದ ಅನಿಲ ಹೊರಗೆ ಹೋಗಲು ದಾರಿಯಿಲ್ಲ. ಹೊಸ ಮನೆಗಳಲ್ಲಿ ಸೊಳ್ಳೆ ಜಾಳಿಗೆ, ಗಾಜು, ಪರದೆ. ಮಗ್ಗದ ಮನೆಗಳಲ್ಲಿ ಮಗ್ಗದ ಖೋಲಿಗೂ ಮಲಗುವ ಖೋಲಿಗೂ ನಡುವೆ ಹೆಚ್ಚೆಂದರೆ ಒಂದು ಬಾಗಿಲು. ಎಷ್ಟೋ ಕಡೆ ಅದೂ ಇಲ್ಲ. ಮೆಟ್ಟಿಲ ಕೆಳಗಿನ ಸಂದಿ, ಬಚ್ಚಲ ಮುಂದಿನ ಜಾಗ, ಗಾಡಿ ನಿಲ್ಲಿಸುವ ಶೆಡ್ ಇವೆಲ್ಲ ಜನರೇಟರ್ ಇಡಲು ಸಲೀಸು ಎನಿಸುತ್ತದೆ. ಇವೆಲ್ಲ ಮನೆಯ ಒಳಗೇ ಎಂದು ತಿಳಿಯಿರಿ. ಕಿಟಕಿ ತೆರೆದರೆ ಸಾಲದೇ ಎಂದು ಎಲ್ಲರೂ ಕೇಳುತ್ತಾರೆ. ಸಾಲದು. ಫ್ಯಾನ್ ಹಚ್ಚಿದರೂ ಸಾಲದು. ಎಂಜಿನ್ ಬಿಡುವಷ್ಟು ವೇಗದಲ್ಲಿ ಕಿಟಕಿ ಅದನ್ನು ಹೊರಗೆ ಹಾಕುವುದಿಲ್ಲ. ಎಷ್ಟೋ ಸಲ ಗಾಳಿ ತಿರುಗಿ ಹೊರಗಿನದೇ ಒಳಗೆ ಬರುತ್ತದೆ. ಕಾರ್ಬನ್ ಮಾನಾಕ್ಸೈಡ್ ತೂಕದಲ್ಲಿ ಹೆಚ್ಚುಕಡಿಮೆ ಗಾಳಿಯಷ್ಟೇ ಇರುವುದರಿಂದ ನೆಲಕ್ಕೆ ಇಳಿದು ಕೂರುವುದೂ ಇಲ್ಲ. ಬಾಗಿಲ ಸಂದಿಯಿಂದ, ಮೆಟ್ಟಿಲ ದಾರಿಯಿಂದ ಮೇಲಿನ ಮಹಡಿಗೂ ಹೋಗುತ್ತದೆ.

ಇದು ನಮ್ಮಂಥ ಊರುಗಳ ಅಜ್ಞಾನ ಎಂದುಕೊಳ್ಳಬೇಡಿ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಚಳಿಗಾಳಿಯಿಂದ ದಿನಗಟ್ಟಲೆ ಕರೆಂಟ್ ಹೋದಾಗ, ಓದು ಬರಹ ಬಲ್ಲ ಜನರೇ ಮನೆಯೊಳಗೆ, ಗ್ಯಾರೇಜಿನಲ್ಲಿ ಜನರೇಟರ್, ಕಾರು, ಇದ್ದಿಲ ಒಲೆ ಹಚ್ಚಿಕೊಂಡು ಸತ್ತರು. ಅಲ್ಲಿ ಪ್ರತಿ ದೊಡ್ಡ ಚಂಡಮಾರುತದ ನಂತರವೂ ಇದೇ ಸುದ್ದಿ ಬರುತ್ತದೆ. ಗಾಳಿಯಿಂದ ಪಾರಾದವರನ್ನು ಜನರೇಟರ್ ಒಯ್ಯುತ್ತದೆ.

ಹಾಗಾದರೆ ಎಲ್ಲಿಡಬೇಕು? ಬಯಲಲ್ಲಿ, ಬಾಗಿಲು ಕಿಟಕಿಗಳಿಂದ ಕಡಿಮೆಯೆಂದರೆ 20 ಅಡಿ ದೂರ, ಹೊಗೆ ಕೊಳವೆಯ ಬಾಯಿ ಮನೆಗೆ ಬೆನ್ನು ಮಾಡಿರಬೇಕು. 20 ಅಡಿ ಎಂದರೆ ಹತ್ತಿರ ಹತ್ತಿರ ಎಂಟು ಹೆಜ್ಜೆ. ಮನೆಯವರು ಮಾತ್ರವಲ್ಲ, ಪಕ್ಕದ ಮನೆಯವರ ಕಿಟಕಿಯಿಂದಲೂ ಅಷ್ಟೇ ದೂರ. ನೆರೆಯವರ ಹಕ್ಕಿನ ಬಗ್ಗೆ ನಮಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಮಳೆಗೆ ನೆನೆಯಬಾರದು, ಒದ್ದೆ ಕೈಯಿಂದ ಮುಟ್ಟಬಾರದು. ಅದಕ್ಕೆ ನಾಲ್ಕು ಕಂಬದ ಮೇಲೆ ತಗಡು ಹಾಕಿದರೆ ಸಾಕು, ಸುತ್ತ ಗೋಡೆ ಕಟ್ಟಬೇಡಿ. ಕಳ್ಳತನದ ಹೆದರಿಕೆಗೆ ಸರಪಳಿ, ಬೀಗ ಇದೆ. ಹಳ್ಳಿಯ ತೋಟದ ಮನೆಯವರಿಗೆ, ಬೀಳಗಿ ಕಡೆಯ ಪುನರ್ವಸತಿ ಕೇಂದ್ರಗಳಲ್ಲಿ ಅಗಲ ಜಾಗ ಸಿಕ್ಕವರಿಗೆ ಇದು ಕಷ್ಟವಲ್ಲ.

ಕಷ್ಟ ಇರುವುದು ಪೇಟೆಯ ಓಣಿಗಳಲ್ಲಿ. ಗೋಡೆಗೆ ಗೋಡೆ ಹತ್ತಿದ ಮನೆ, ಮುಂದೆ ಆರು ಅಡಿ ದಾರಿ, ಹಿಂದೆ ಹಿತ್ತಲೇ ಇಲ್ಲ. ಅಂಥವರು ನನ್ನನ್ನು ಕೇಳಿದರೆ ನೇರವಾಗಿ ಹೇಳುತ್ತೇನೆ: ಜಾಗವಿಲ್ಲದಿದ್ದರೆ ಜನರೇಟರ್ ಬೇಡ. ಮಾಳಿಗೆಯ ಮೇಲೆ ಪೂರ್ತಿ ತೆರೆದ ಜಾಗ ಇದ್ದು, ಮೆಟ್ಟಿಲ ಬಾಗಿಲು ದೂರವಿದ್ದು, ಪಕ್ಕದವರ ಎತ್ತರದ ಕಿಟಕಿ ಹತ್ತಿರವಿಲ್ಲದಿದ್ದರೆ ವಿಚಾರ ಮಾಡಬಹುದು. ಇಲ್ಲವಾದರೆ ಆ ದುಡ್ಡಿಗೆ ಇನ್ವರ್ಟರ್, ಬ್ಯಾಟರಿ ಕೊಳ್ಳಿ. ಒಂದು ಫ್ಯಾನ್, ಎರಡು ಎಲ್‌ಇಡಿ ದೀಪ ರಾತ್ರಿಯಿಡೀ ನಡೆಯುತ್ತವೆ. ಹೊಗೆಯಿಲ್ಲ, ಸಪ್ಪಳವಿಲ್ಲ. ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಆದ್ದರಿಂದ ಅದನ್ನು ಗಾಳಿಯಾಡುವ ಕಡೆ, ಮಕ್ಕಳ ಕೈಗೆ ಸಿಗದಂತೆ, ದೀಪ ಊದುಬತ್ತಿಯಿಂದ ದೂರ ಇಡಿ. ಮಗ್ಗ ಓಡಿಸಲು ಮನೆಯ ಇನ್ವರ್ಟರ್ ಸಾಲದು ಎಂಬುದು ನನಗೂ ಗೊತ್ತು. ಓಣಿಯ ನಾಲ್ಕಾರು ಮನೆಯವರು ಕೂಡಿ ಬಯಲಲ್ಲಿ ಒಂದು ಡೀಸೆಲ್ ಜನರೇಟರ್ ಹಾಕಿ ಎಲೆಕ್ಟ್ರಿಷಿಯನ್‌ನಿಂದ ಲೈನ್ ಎಳೆಸಿಕೊಳ್ಳುವುದು, ಮನೆಗೊಂದರಂತೆ ಖೋಲಿಯಲ್ಲಿ ಇಟ್ಟುಕೊಳ್ಳುವುದಕ್ಕಿಂತ ನೂರು ಪಾಲು ಮೇಲು.

ಇನ್ನು ಗುರುತಿಸುವ ಮಾತು. ಮೊದಲು ತಲೆನೋವು, ನಂತರ ತಲೆಸುತ್ತು, ಓಕರಿಕೆ, ಮಂಪರು, ಕೈಕಾಲು ಸೋಲುವುದು, ಮಾತು ತಡವರಿಸುವುದು. ನೆಗಡಿ ಜ್ವರದ ಶುರು ಎಂದೋ, ಪಿತ್ತವೆಂದೋ, ಉಪವಾಸವೆಂದೋ ಅನಿಸುತ್ತದೆ. ಮೂರು ಸಂಗತಿ ನೋಡಿ. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೇ ಬಂದಿದೆಯೇ, ಜ್ವರವಿಲ್ಲವೇ, ಹೊರಗೆ ಬಂದು ನಿಂತರೆ ಸ್ವಲ್ಪ ಹಗುರಾಗುತ್ತದೆಯೇ? ಕೋಳಿ, ಬೆಕ್ಕು, ಪಂಜರದ ಗಿಳಿ ಮಂಕಾಗಿವೆಯೇ ಎಂದೂ ನೋಡಿ. ಮಲಗಿದವರಿಗೆ ಮಾತ್ರ ಈ ಯಾವ ಸೂಚನೆಯೂ ಸಿಗುವುದಿಲ್ಲ. ನಿದ್ದೆಯಿಂದ ನೇರ ಎಚ್ಚರ ತಪ್ಪುತ್ತಾರೆ. ಮಲಗುವ ಮುಂಚೆ ಮನೆಯ ಬೆಂಕಿ ಆರಿಸಬೇಕೆಂದು ಪ್ರವಾದಿಯವರು(ಸ) ತಾಕೀತು ಮಾಡಿದ್ದು ಹದೀಸ್‌ಗಳಲ್ಲಿದೆ. ಜನರೇಟರ್ ಕೂಡ ಒಂದು ಬೆಂಕಿಯೇ. ಅದನ್ನು ಎಲ್ಲಿಟ್ಟಿದ್ದರೂ ಸರಿ, ಓಡುತ್ತಿರುವಾಗ ಮನೆಯಲ್ಲಿ ಒಬ್ಬರಾದರೂ ಎಚ್ಚರಿರಬೇಕು. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬರುತ್ತದೆ. ಜನರೇಟರ್‌ಗೆ ಸಾವಿರಾರು ರೂಪಾಯಿ ಕೊಟ್ಟವರು ಇದನ್ನೂ ಕೊಂಡು ಮಲಗುವ ಖೋಲಿಯಲ್ಲಿ ಹಾಕಿ.

ಆಕ್ಸಿಮೀಟರ್ ಮಾತಿಗೆ ಬರುತ್ತೇನೆ. ಕೊರೊನಾ ಕಾಲದಿಂದ ಬಹಳ ಮನೆಗಳಲ್ಲಿ ಅದೊಂದು ಇದೆ. ಬೆರಳಿಗೆ ಸಿಕ್ಕಿಸುವ ಆ ಯಂತ್ರ ಹಿಮೋಗ್ಲೋಬಿನ್ ಮೇಲೆ ಬೆಳಕು ಹಾಯಿಸಿ ಬಣ್ಣ ನೋಡುತ್ತದೆ. ಕಾರ್ಬನ್ ಮಾನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್‌ಗೂ ಆಕ್ಸಿಜನ್ ಹೊತ್ತದ್ದಕ್ಕೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಎರಡೂ ಕೆಂಪೇ. ಹಾಗಾಗಿ ಸಾಯುವ ಸ್ಥಿತಿಯಲ್ಲಿರುವವರ ಬೆರಳಲ್ಲೂ 97, 98 ತೋರಿಸಬಹುದು. ಈ ಒಂದು ಕಾಯಿಲೆಯಲ್ಲಿ ಅದನ್ನು ನಂಬಿ ಮನೆಯಲ್ಲಿ ಕೂರಬೇಡಿ. ಆಸ್ಪತ್ರೆಯಲ್ಲಿ ರಕ್ತ ತೆಗೆದು ಬೇರೆ ಪರೀಕ್ಷೆ ಮಾಡುತ್ತಾರೆ.

ಇಂಥ ಹೊತ್ತಿನಲ್ಲಿ ಎಲ್ಲಕ್ಕಿಂತ ಮೊದಲು ಎಲ್ಲರನ್ನೂ ಹೊರಗೆ ತನ್ನಿ. ಜನರೇಟರ್ ಆರಿಸಲು ಒಬ್ಬರೇ ಒಳಗೆ ನುಗ್ಗಿ ಅಲ್ಲೇ ಬಿದ್ದ ಉದಾಹರಣೆಗಳಿವೆ, ಆದ್ದರಿಂದ ಬಾಗಿಲು ಪೂರ್ತಿ ತೆರೆದು, ಉಸಿರು ಬಿಗಿಹಿಡಿದು, ಕೈಗೆಟುಕಿದರೆ ಮಾತ್ರ ಆರಿಸಿ. 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು, ನಿಂಬೆ ಪಾನಕ, ಝಮ್‌ಝಮ್ ಯಾವುದನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ. ಉಸಿರು ನಿಂತಿದ್ದರೆ, ಬಲ್ಲವರು ಎದೆ ಒತ್ತಲು ಶುರುಮಾಡಬೇಕು. ಈರುಳ್ಳಿ ಮೂಸಿಸುವುದು, ಪಾದ ತಿಕ್ಕುವುದು ಇವುಗಳಲ್ಲಿ ಹೊತ್ತು ಕಳೆಯಬೇಡಿ.

ನನ್ನ ಕಪಾಟಿನಲ್ಲಿ ಖಮೀರಾಗಳಿವೆ, ಮಾಜೂನ್‌ಗಳಿವೆ, ಅರ್ಕ್‌ಗಳಿವೆ. ಈ ವಿಷಕ್ಕೆ ಅವುಗಳಲ್ಲಿ ಒಂದೂ ಮದ್ದಲ್ಲ, ಹೇಳಲು ನನಗೆ ಸಂಕೋಚವಿಲ್ಲ. ಇದರ ಔಷಧ ಆಕ್ಸಿಜನ್ ಒಂದೇ. ಬರಿ ಗಾಳಿಯಲ್ಲಿ ಕುಳಿತರೆ ರಕ್ತದಲ್ಲಿನ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ತಾಸು ಬೇಕು. ಬಿಗಿಯಾದ ಮಾಸ್ಕ್‌ನಲ್ಲಿ ಶುದ್ಧ ಆಕ್ಸಿಜನ್ ಕೊಟ್ಟರೆ ಒಂದೂವರೆ ತಾಸಿನ ಆಸುಪಾಸಿನಲ್ಲಿ ಅಷ್ಟಾಗುತ್ತದೆ. ಬೇರೆ ಊರಿನ ಹೆಸರಾಂತ ಹಕೀಮರ ಕಡೆ, ನನ್ನ ಕಡೆ, ಯಾರ ಕಡೆಯೂ ಬರದೆ ನೇರ ಆಕ್ಸಿಜನ್ ಇರುವ ಆಸ್ಪತ್ರೆಗೆ ಹೋಗಿ. ಗರ್ಭಿಣಿ ಇದ್ದರೆ, ಅವಳು ಎಷ್ಟೇ ಆರಾಮ ಇದ್ದೇನೆ ಎಂದರೂ ಒಯ್ಯಲೇಬೇಕು. ಹೊಟ್ಟೆಯ ಮಗುವಿನ ರಕ್ತ ಈ ಅನಿಲವನ್ನು ತಾಯಿಯ ರಕ್ತಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ. ತಾಯಿ ಚೇತರಿಸಿಕೊಂಡ ಮೇಲೂ ಮಗು ಅಪಾಯದಲ್ಲಿರಬಹುದು.

ಬಾಣಂತಿಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಬಾಣಂತಿಗೆ, ಕೂಸಿಗೆ ಕಾಸಲೆಂದು ಹೊರಸಿನ ಕೆಳಗೆ ಕೆಂಡ ಇಟ್ಟು, ಲೋಬಾನ ಹಾಕಿ, ಗಾಳಿ ತಾಗಬಾರದೆಂದು ಬಾಗಿಲು ಕಿಟಕಿ ಮುಚ್ಚುವ ರೂಢಿ ಇದೆ. ಜನರೇಟರ್ ಬಿಡುವ ಅನಿಲವನ್ನೇ ಆ ಕೆಂಡವೂ ಬಿಡುತ್ತದೆ. ಹೊಗೆ ನಿಂತು ಕೆಂಡ ನಿಗಿನಿಗಿ ಆದ ಮೇಲೂ ಬಿಡುತ್ತದೆ. ಕಾಸಲೇಬೇಕೆಂದರೆ ಬಾಗಿಲು ತೆರೆದು, ಹತ್ತು ನಿಮಿಷ ಕಾಸಿ, ಶೆಗಡಿ ಹೊರಗಿಡಿ.

ಹೊಗೆಯ ಆಚೆಗೆ ಜನರೇಟರ್‌ನಿಂದ ಇನ್ನೊಬ್ಬರ ಜೀವ ಹೋಗುವ ದಾರಿ ಒಂದಿದೆ. ಕೆಲವರು ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿಸಿ, ಒಂದನ್ನು ಜನರೇಟರ್‌ಗೆ, ಇನ್ನೊಂದನ್ನು ಗೋಡೆಯ ಸಾಕೆಟ್‌ಗೆ ಚುಚ್ಚುತ್ತಾರೆ. ಇಡೀ ಮನೆಗೆ ಕರೆಂಟ್ ಬರುತ್ತದೆ ನಿಜ. ಮೇನ್ ಸ್ವಿಚ್ ಆರಿಸಲು ಮರೆತರೆ ಅದು ಮೀಟರ್ ದಾಟಿ ಓಣಿಯ ತಂತಿಗೆ, ಅಲ್ಲಿಂದ ಟ್ರಾನ್ಸ್‌ಫಾರ್ಮರ್‌ಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ಮನೆಯ 230 ವೋಲ್ಟಿಗೆ ಇಳಿಸುವ ಯಂತ್ರ. ಹಿಂದಿನಿಂದ 230 ಕೊಟ್ಟರೆ ಮುಂದೆ 11,000 ಮಾಡುತ್ತದೆ. ಲೈನ್ ಆಫ್ ಇದೆಯೆಂದು ನಂಬಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಅದನ್ನು ಮುಟ್ಟುತ್ತಾನೆ. ನಮ್ಮ ಮನೆಯ ದೀಪಕ್ಕಾಗಿ ದುರಸ್ತಿಗೆ ಬಂದವನೇ ಅವನು. ಚೇಂಜ್‌ಓವರ್ ಸ್ವಿಚ್ ಹಾಕಿಸಿಕೊಂಡರೆ ಹೆಸ್ಕಾಂ ಲೈನ್ ಮತ್ತು ಜನರೇಟರ್ ಒಟ್ಟಿಗೆ ಕೂಡಲು ಆಗುವುದೇ ಇಲ್ಲ. ತಿಳಿದ ಎಲೆಕ್ಟ್ರಿಷಿಯನ್‌ಗೆ ಅದು ಅರ್ಧ ದಿನದ ಕೆಲಸ. ಹರಿದು ಬಿದ್ದ ತಂತಿ ಕಂಡರೆ 1912ಕ್ಕೆ ಫೋನ್ ಮಾಡಿ, ಹತ್ತಿರ ಹೋಗಬೇಡಿ.

ಪೆಟ್ರೋಲಿನ ವಿಷಯದಲ್ಲಿ ವೈದ್ಯನಾಗಿ ನನಗೆ ಹೆಚ್ಚು ಹೆದರಿಕೆ ಇರುವುದು ತಂಪು ಪಾನೀಯದ ಬಾಟಲಿಯ ಬಗ್ಗೆ. ಅದರಲ್ಲಿ ಪೆಟ್ರೋಲ್, ಸೀಮೆಎಣ್ಣೆ ತುಂಬಿ ಮೂಲೆಗಿಟ್ಟಿರುತ್ತಾರೆ, ಮಗು ಶರಬತ್ತೆಂದು ಕುಡಿಯುತ್ತದೆ. ದೊಡ್ಡವರೂ ಬಾಯಿಂದ ಪೈಪ್ ಎಳೆಯಲು ಹೋಗಿ ನುಂಗುತ್ತಾರೆ. ಆಗ ಉಪ್ಪುನೀರು ಕುಡಿಸಿ, ಬೆರಳು ಹಾಕಿ ವಾಂತಿ ಮಾಡಿಸಲೇಬಾರದು. ಹೊಟ್ಟೆಯಲ್ಲಿದ್ದಾಗಿನ ಹಾನಿಗಿಂತ ವಾಂತಿಯಾಗುವಾಗ ಎದೆಗೆ ಇಳಿದರೆ ಆಗುವ ಹಾನಿ ದೊಡ್ಡದು. ಹಾಲನ್ನೂ ಕುಡಿಸದೆ ಆಸ್ಪತ್ರೆಗೆ ಒಯ್ಯಿರಿ. ಬಿಸಿ ಎಂಜಿನ್‌ಗೆ ಎಣ್ಣೆ ಹಾಕಬೇಡಿ. ಆರಿಸಿ, ಕಾಲು ತಾಸು ಕಾದು ಹಾಕಿ. ಸೈಲೆನ್ಸರ್ ತಾಗಿ ಸುಟ್ಟರೆ ಹರಿಯುವ ತಣ್ಣೀರ ಕೆಳಗೆ 20 ನಿಮಿಷ ಹಿಡಿಯಿರಿ, ಪೇಸ್ಟ್ ಅರಿಷಿಣ ಹಚ್ಚಬೇಡಿ.

ಮದುವೆ, ವಲೀಮಾಗಳಲ್ಲಿ ನೋಡಿರುವೆ, ಜನರೇಟರ್ ಗಾಡಿಯನ್ನು ಯಾರ ಕಣ್ಣಿಗೂ ಬೀಳಬಾರದೆಂದು ಹೆಂಗಸರ ಶಾಮಿಯಾನದ ಹಿಂದೆ ನಿಲ್ಲಿಸುತ್ತಾರೆ. ಪರದೆಯ ಈಚೆ ಕೂಸು ಮಲಗಿಸಿದ ತಾಯಂದಿರು ಇರುತ್ತಾರೆ. ಗಾಡಿ ತಂದವರಿಗೆ ಒಂದು ಮಾತು ಹೇಳಿ ಹೊಗೆಯ ಬಾಯಿ ತಿರುಗಿಸಲು ಯಾರ ಅನುಮತಿಯೂ ಬೇಡ.

ಕೊನೆಗೆ, ಜನರೇಟರ್ ನಿಜಕ್ಕೂ ಬೇಕಾಗಿತ್ತೇ ಎಂದು ಕೇಳಿದರೆ ಬಹಳ ಮನೆಗಳಲ್ಲಿ ಬರುವ ಉತ್ತರ ಫ್ರಿಜ್. ಬಕ್ರೀದ್‌ನಲ್ಲಂತೂ ಕುರ್ಬಾನಿ ಮಾಂಸ ಕೆಡುತ್ತದೆಂದು ರಾತ್ರಿಯೆಲ್ಲ ಓಡಿಸುತ್ತಾರೆ. ತುಂಬಿದ ಫ್ರೀಝರ್ ಬಾಗಿಲು ತೆರೆಯದಿದ್ದರೆ ಸುಮಾರು 48 ತಾಸು, ಅರ್ಧ ತುಂಬಿದ್ದು 24 ತಾಸು ತಂಪು ಹಿಡಿದಿರುತ್ತದೆ. ಕೆಳಗಿನ ಫ್ರಿಜ್ ನಾಲ್ಕು ತಾಸು. ಹಂಚಬೇಕಾದ ಪಾಲನ್ನು ಅಂದೇ ಹಂಚಿದರೆ ಫ್ರೀಝರ್‌ನ ಚಿಂತೆಯೂ ಅರ್ಧ ಇಳಿಯುತ್ತದೆ ಎಂಬುದು ಬೇರೆ ಮಾತು. ಸಕ್ಕರೆ ಕಾಯಿಲೆಯವರ ಇನ್ಸುಲಿನ್‌ಗಾಗಿ ಗಾಬರಿಯಾಗಬೇಕಿಲ್ಲ. ಬಳಕೆಯಲ್ಲಿರುವ ಬಾಟಲಿ ಅತಿ ಬಿಸಿ ತಾಗದಿದ್ದರೆ ಫ್ರಿಜ್ ಇಲ್ಲದೆಯೂ ವಾರಗಟ್ಟಲೆ ಇರುತ್ತದೆ. ನಮ್ಮ ಬೇಸಿಗೆಯ 40 ಡಿಗ್ರಿಯಲ್ಲಿ ಒಂದು ಗಡಿಗೆಯ ಸುತ್ತ ಒದ್ದೆ ಅರಿವೆ ಸುತ್ತಿ, ಒಳಗೆ ಒಣಗಿದ ಡಬ್ಬಿಯಲ್ಲಿ ಇನ್ಸುಲಿನ್ ಇಟ್ಟರೆ ಸಾಕು. ಆಕ್ಸಿಜನ್ ಕಾನ್ಸಂಟ್ರೇಟರ್ ಮೇಲೆ ಇರುವ ವೃದ್ಧರ ಮನೆಯಲ್ಲಿ ಮಾತ್ರ ಪರ್ಯಾಯ ವ್ಯವಸ್ಥೆ ಬೇಕೇ ಬೇಕು. ಅಲ್ಲಿಯೂ ಜನರೇಟರ್‌ಗಿಂತ ಮೊದಲು ಒಂದು ತುಂಬಿದ ಆಕ್ಸಿಜನ್ ಸಿಲಿಂಡರ್ ಇಟ್ಟುಕೊಳ್ಳಿ. ಅದನ್ನು ಸೇದಲು ಕರೆಂಟ್ ಬೇಡ.

ಆ ಬನಹಟ್ಟಿಯ ಕುಟುಂಬ ಮೂರು ವಾರದ ನಂತರ ಮತ್ತೆ ಬಂದಿತ್ತು. ಮೂವರು ಚೆನ್ನಾಗಿದ್ದರು. ಅಜ್ಜಿಗೆ ಮಾತ್ರ ನಮಾಝ್‌ನ ರಕಾತ್‌ಗಳ ಲೆಕ್ಕ ತಪ್ಪುತ್ತಿತ್ತು, ಪಲ್ಯಕ್ಕೆ ಎರಡು ಸಲ ಉಪ್ಪು ಹಾಕುತ್ತಿದ್ದರು. ಈ ವಿಷದಲ್ಲಿ ಹೀಗೆ ಆಗುವುದುಂಟು. ಗುಣವಾಗಿ ಮನೆಗೆ ಬಂದ ಕೆಲವು ದಿನ, ಕೆಲವು ವಾರಗಳ ಮೇಲೆ ಮರೆವು, ಸಿಡುಕು, ನಡಿಗೆಯಲ್ಲಿ ತಡವರಿಕೆ ಕಾಣಬಹುದು. ಮುಪ್ಪು ಎಂದು ಬಿಡದೆ ನರರೋಗ ತಜ್ಞರಿಗೆ ತೋರಿಸಬೇಕು. ಅವರನ್ನೂ ಕಳಿಸಿಕೊಟ್ಟೆ. ಜನರೇಟರ್ ಈಗ ಎಲ್ಲಿದೆ ಎಂದು ಕೇಳಿದಾಗ ಮಗ, “ಬಯಲಾಗ ಐತ್ರಿ, ಬೇವಿನ ಗಿಡಕ್ಕ ಸರಪಳಿ ಹಾಕೇನಿ” ಎಂದ.